ಪದ ಬೇಕು: ಒಂದೇ ಎಳೆಯಲ್ಲಿ ಹಲವು ಬಣ್ಣ ಬರುವ ಕಸೂತಿ ದಾರ

ಅನುವಾದಕಿ, ಬೆಂಗಳೂರು:
ಎಲ್ಲರಿಗೂ ನಮಸ್ಕಾರ. ಕ್ರಾಸ್ ಸ್ಟಿಚ್ (X ಆಕಾರದ ಹೊಲಿಗೆ) ಕಿಟ್ ಒಂದರ ಸೂಚನೆ ಹಾಳೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ, ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗುತ್ತದೆ. 14 ಕೌಂಟ್ ಐಡಾ ಬಟ್ಟೆ (ಇಂಚಿಗೆ 14 ಚೌಕಗಳಿರುವ ಕಸೂತಿ ಬಟ್ಟೆ), 24ನೇ ನಂಬರ್ ಸೂಜಿ, ಎರಡೆಳೆ ಹೊಲಿಗೆ. ಮೂಲದಲ್ಲಿ ‘ವೇರಿಗೇಟೆಡ್’, ‘ಓವರ್‌ಡೈಡ್’ ಎಂದು ಎರಡು ಬಗೆಯ ದಾರ ಇದೆ. ಮೊದಲನೆಯದು ಗಿರಣಿಯ ಬಣ್ಣ, ಹೆಚ್ಚುಕಮ್ಮಿ ಒಂದೇ ಅಳತೆಗೆ ಮರುಕಳಿಸುತ್ತದೆ. ಎರಡನೆಯದು ಕೈಯಲ್ಲಿ ಬಣ್ಣದ ಮೇಲೆ ಬಣ್ಣ ಕೊಟ್ಟಿದ್ದು, ಅಳತೆಗೆ ಸಿಗುವುದಿಲ್ಲ. ಎರಡಕ್ಕೂ ‘ಬಹುವರ್ಣ ದಾರ’ ಎಂದು ಬರೆದಿಟ್ಟಿದ್ದೇನೆ, ಸರಿ ಅನ್ನಿಸುತ್ತಿಲ್ಲ. ರಾತ್ರಿಯೊಳಗೆ ಹೇಳಿದರೆ ಉಪಕಾರ.

ಅಚ್ಚಗನ್ನಡಿಗ:
ಬಹುವರ್ಣ ಬೇಡವೇ ಬೇಡ, ಅದು ಸಂಸ್ಕೃತ. ‘ಹಲಬಣ್ಣದ ನೂಲು’ ಅನ್ನಿ. ತಮಿಳು, ಮಲಯಾಳದಲ್ಲಿ ನೂಲ್, ತೆಲುಗಿನಲ್ಲಿ ನೂಲು. ನಮ್ಮಲ್ಲಿ ಅದು ಹೆಸರುಪದವೂ ಹೌದು, ‘ನೂಲುವುದು’ ಎನ್ನುವಲ್ಲಿ ಎಸಕಪದವೂ (ಕ್ರಿಯಾಪದವೂ) ಹೌದು. ಇಂತಹ ಪದ ಕೈಯಲ್ಲಿರುವಾಗ ಸಕ್ಕದದ ಬಾಗಿಲಿಗೆ ಹೋಗುವುದು ಯಾಕೆ?

ಕಸೂತಿಗಾರ್ತಿ, ಮೈಸೂರು:
ಹಲಬಣ್ಣ ಆಗುವುದಿಲ್ಲ. ಅಂಗಡಿಯಲ್ಲಿ ಹಾಗೆ ಕೇಳಿದರೆ ಕೆಂಪು, ಹಸಿರು, ಹಳದಿ ಲಡಿಗಳ ಡಬ್ಬ ತೆಗೆದು ಮುಂದಿಡುತ್ತಾರೆ. ನೂಲು ಮಗ್ಗದ ಮಾತು, ಸೂಜಿಗೆ ಪೋಣಿಸುವುದು ದಾರ. ಅಂಗಡಿಯವರು ಇದಕ್ಕೆ ಅನ್ನುವುದು ‘ಶೇಡೆಡ್ ದಾರ’.

ಪದದ ಜೊತೆ ಸೂಚನೆಗಳನ್ನೂ ನೋಡಿ ಮೇಡಂ. ಒಂಟಿ ಬಣ್ಣದ ದಾರಕ್ಕೆ ಬರೆದದ್ದನ್ನೇ ಇದಕ್ಕೂ ಅಂಟಿಸಿದರೆ ಕೆಲಸ ಕೆಡುತ್ತದೆ. ಒಂದೇ ಎಳೆಯನ್ನು ಮಡಚಿ ಕುಣಿಕೆಯಿಂದ ಶುರು ಮಾಡುವುದು ಇಲ್ಲಿ ಸಲ್ಲ. ಮಡಚಿದಾಗ ಒಂದರ್ಧದ ಬಣ್ಣ ಮುಂದಕ್ಕೂ ಇನ್ನೊಂದರ್ಧದ್ದು ಹಿಂದಕ್ಕೂ ಓಡುತ್ತದೆ, ಕಡುನೀಲಿಯ ಪಕ್ಕ ತಿಳಿನೀಲಿ ಬಂದು ಕೂರುತ್ತದೆ. ಲಡಿಯಿಂದ 45 ಸೆಂ.ಮೀ. ಕತ್ತರಿಸಿ, ಆರೆಳೆಯಲ್ಲಿ ಎರಡನ್ನು ಒಂದೊಂದಾಗಿ ಎಳೆದು, ತುದಿ ತಿರುವುಮುರುವು ಆಗದಂತೆ ಬಣ್ಣಕ್ಕೆ ಬಣ್ಣ ಕೂಡಿಸಿ ಪೋಣಿಸಬೇಕು. ದಾರ ಯಾವ ಬಣ್ಣದಲ್ಲಿ ಮುಗಿಯಿತೋ ಮುಂದಿನದು ಅಲ್ಲಿಂದಲೇ ಹಿಡಿಯಬೇಕು. ನಡುವೆ ಒಂದೆರಡು ಸೆಂ.ಮೀ. ಕತ್ತರಿಸಿ ಬಿಸಾಡಬೇಕಾದರೂ ಸರಿ.

14 ಕೌಂಟಿನಲ್ಲಿ ರಂಧ್ರದಿಂದ ರಂಧ್ರಕ್ಕೆ ಸುಮಾರು 1.8 ಮಿ.ಮೀ. ಒಂದು ಪೂರ್ತಿ ಕ್ರಾಸಿಗೆ ಮುಂದೆ ಹಿಂದೆ ಸೇರಿ 9 ಮಿ.ಮೀ. ದಾರ ಹೋಗುತ್ತದೆ. ಒಂದು ಬಣ್ಣ 5 ಸೆಂ.ಮೀ. ಇದ್ದರೆ ಐದಾರು ಕ್ರಾಸ್ ಸಿಕ್ಕಾವು ಅಷ್ಟೆ. ಪ್ರತಿ ಕ್ರಾಸನ್ನೂ ಆಗಲೇ ಮುಗಿಸುತ್ತಾ ಹೋದರೆ ಆ ಐದಾರೂ ಒಂದೇ ಬಣ್ಣದಲ್ಲಿ ಎದ್ದು ಕಾಣುತ್ತವೆ. ಸಾಲಿನುದ್ದಕ್ಕೂ ಅರ್ಧ ಕ್ರಾಸ್ ಹಾಕಿ ವಾಪಸ್ ಬಂದರೆ ಕೆಳಗಿನ ಕಾಲು ಒಂದು ಬಣ್ಣ, ಮೇಲಿನದು ಇನ್ನೊಂದು, ಎಲ್ಲ ಕಲಸಿಹೋಗುತ್ತದೆ. ಅಗಲದ ಜಾಗವನ್ನು ಅಡ್ಡಸಾಲಿನಲ್ಲೇ ತುಂಬಿದರೆ ಪಟ್ಟೆ ಬೀಳುತ್ತದೆ; ಎಲೆ, ಹೂವಿಗೆ ನಾಲ್ಕೈದರ ಗುಂಪು ಮಾಡಿ ಓರೆಯಾಗಿ ಸಾಗುವುದು ಒಳ್ಳೆಯದು. ಬಿಳಿ ಐಡಾ ಆದರೆ ದಾರದ ಅತಿ ತಿಳಿ ಭಾಗ ಬಟ್ಟೆಯಲ್ಲೇ ಮಾಯ. ಕೊಳ್ಳುವಾಗ ಲಡಿಯನ್ನು ಆ ಬಟ್ಟೆಯ ಮೇಲಿಟ್ಟೇ ನೋಡಬೇಕು.

ಅಚ್ಚಗನ್ನಡಿಗ:
‘ಶೇಡೆಡ್’ ಒಪ್ಪುವುದಿಲ್ಲ. ಅಂಗಡಿಯವರು ಅಂದದ್ದನ್ನೆಲ್ಲ ಬರೆಯುವುದಾದರೆ ಅನುವಾದ ಯಾತಕ್ಕೆ?

ಓದುಗ, ಮಂಗಳೂರು:
ಸ್ವಾಮಿ, ನಿಮ್ಮ ‘ಬಣ್ಣ’ವೇ ಸಂಸ್ಕೃತದ ವರ್ಣ, ಪ್ರಾಕೃತದ ವಣ್ಣ ಆಗಿ ಬಂದದ್ದು. ರೇಷ್ಮೆ, ಜರಿ ಎರಡೂ ಪಾರ್ಸಿ. ಅವನ್ನೂ ಬಿಟ್ಟು ಸೀರೆಯ ಮಾತಾಡಿ ನೋಡೋಣ. ಎರವಲು ಪದ ಬಂದರೆ ಭಾಷೆ ಕೆಡುವುದಿಲ್ಲ. ಹೊಲಿಯುವವರಿಗೆ ಅರ್ಥವಾಗದ ಪದ ಕಟ್ಟಿ ಹೇರಿದರೆ ಅವರು ಇಂಗ್ಲಿಷ್ ಹಾಳೆಯನ್ನೇ ಓದುತ್ತಾರೆ.

ಧಾರವಾಡದಿಂದ:
ಕ್ರಾಸ್ ಸ್ಟಿಚ್‌ಗೆ ನಮ್ಮ ಕಸೂತಿಯೊಳಗ ಮೊದಲಿಂದ ಮೆಂತೆ ಅಂತ ಹೆಸರೈತಿ. ಗವಂತಿ, ಮುರಗಿ, ನೇಗಿ, ಮೆಂತೆ, ನಾಲ್ಕೂ ಎಳಿ ಎಣಿಸಿ ಹಾಕೂ ಹೊಲಿಗಿ. ಅದನ್ನ ಹಾಳಿಯೊಳಗ ಒಂದು ಮಾತು ಬರೀರಿ. ಇನ್ನ ಶೇಡೆಡ್ ದಾರ ಗವಂತಿಗೆ ತರಬ್ಯಾಡ್ರಿ. ಹೋಗೂವಾಗ ಒಂದು ಬಿಟ್ಟು ಒಂದು ಹಾಕಿ, ಬರೂವಾಗ ಖಾಲಿ ಬಿಟ್ಟದ್ದು ತುಂಬತೀವಿ. ಆಗ ಒಂದು ಟಾಕಿ ಕಡು, ಒಂದು ಟಾಕಿ ತಿಳಿ ಆಗಿ ಗೋಪುರದ ಗೆರಿ ಒಡದಂಗ ಕಾಣತದ.

ಅನುವಾದಕಿ:
ಮೆಂತೆ ಖಂಡಿತ ಸೇರಿಸುತ್ತೇನೆ. ಕುಣಿಕೆಯ ಸೂಚನೆ ಮೂಲದಲ್ಲಿತ್ತು, ತೆಗೆಸುತ್ತೇನೆ. ಪದ ‘ಬಣ್ಣ ಬದಲಾಗುವ ದಾರ’ ಆದೀತೇ?

ಕಸೂತಿಗಾರ್ತಿ, ಮೈಸೂರು:
ಬೇಡಿ. ಒಗೆದರೆ ಬಣ್ಣ ಹೋಗುವ ದಾರ ಅಂದುಕೊಳ್ಳುತ್ತಾರೆ.

ಓದುಗ, ಮಂಗಳೂರು:
ಸರದಿಯಂತೆ ಬರುವುದಲ್ಲವೇ? ‘ಸರದಿಬಣ್ಣದ ದಾರ’. ಕೈಯಲ್ಲಿ ಕೊಟ್ಟದ್ದಕ್ಕೆ ‘ಕೈಬಣ್ಣದ ದಾರ’.

ಕಸೂತಿಗಾರ್ತಿ, ಮೈಸೂರು:
ಚೆನ್ನಾಗಿದೆ. ಎರಡನ್ನೂ ಬೇರೆಯಾಗಿಯೇ ಇಡಿ, ಜೋಪಾನ ಮಾಡುವ ರೀತಿಯೇ ಬೇರೆ. ಕೈಬಣ್ಣದ್ದರಲ್ಲಿ ಒಂದೇ ಹೆಸರಿನ ಎರಡು ಲಡಿ ಹೊಂದದೇ ಹೋಗಬಹುದು, ಇಡೀ ಕೆಲಸಕ್ಕೆ ಬೇಕಾದಷ್ಟನ್ನು ಒಟ್ಟಿಗೇ ತೆಗೆದುಕೊಳ್ಳಬೇಕು. ಹೊಲಿಯುವ ಮೊದಲು ಎಳೆಯನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಬೇಕು. ಹೊಲಿದ ಮೇಲೆ ಬಣ್ಣ ಬಿಟ್ಟರೆ ಒಣಗಲು ಬಿಡದೆ, ನೀರು ತಿಳಿಯಾಗುವವರೆಗೆ ತಣ್ಣೀರಿನಲ್ಲಿ ಜಾಲಿಸಬೇಕು. ಒಣಗಿದರೆ ಕಲೆ ಹೋಗುವುದು ಕಷ್ಟ.

ಅಚ್ಚಗನ್ನಡಿಗ:
ಸರದಿಬಣ್ಣ ನಡೆಯುತ್ತದೆ. ‘ಶೇಡೆಡ್’ ಎಲ್ಲೂ ಇರಬಾರದು.

ಅನುವಾದಕಿ:
ಮೊದಲ ಸಲ ಬಂದಲ್ಲಿ ಒಮ್ಮೆ ಇರುತ್ತದೆ ಸರ್. ದಾರ ಮುಗಿದವರು ಅಂಗಡಿಗೆ ಹೋಗಿ ಅದನ್ನೇ ಕೇಳಬೇಕಲ್ಲ.