ಪಾರ್ಕಿನ್ಸನ್: ಅಪ್ಪಯ್ಯ ಹೊಸ್ತಿಲ ಹತ್ತಿರವೇ ಬೀಳುತ್ತಾರೆ, ಏನು ಮಾಡಬೇಕು?

ಪ್ರಶ್ನೆ (ತೀರ್ಥಹಳ್ಳಿ ಹತ್ತಿರದ ಹಳ್ಳಿಯಿಂದ):
ಮೇಡಂ, ನಮ್ಮ ಅಪ್ಪಯ್ಯನಿಗೆ 71 ವರ್ಷ. ಪಾರ್ಕಿನ್ಸನ್ ಅಂತ ಗೊತ್ತಾಗಿ ಆರು ವರ್ಷ ಆಯಿತು. ಸಿಂಡೋಪಾ ಮಾತ್ರೆ ದಿನಕ್ಕೆ ಮೂರು ಸಲ ಇದೆ. ಈ ಮಳೆಗಾಲ ಶುರುವಾದ ಮೇಲೆ ನಾಲ್ಕು ಸಲ ಬಿದ್ದರು. ಎರಡು ಸಲ ಅಡುಗೆಮನೆ ಹೊಸ್ತಿಲ ಹತ್ತಿರ, ಒಂದು ಸಲ ಬಚ್ಚಲಿನಲ್ಲಿ, ಇನ್ನೊಂದು ಸಲ ರಾತ್ರಿ ಎದ್ದಾಗ. ಜಗಲಿ ಮೆಟ್ಟಿಲು ಆರಾಮಾಗಿ ಹತ್ತುತ್ತಾರೆ. ಬಾಗಿಲು ಬಂದ ಕೂಡಲೇ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತಾರೆ. ಅಮ್ಮ "ಬೇಕಂತಲೇ ಮಾಡುತ್ತಾರೆ" ಅಂತ ಕೈ ಹಿಡಿದು ಎಳೆಯುತ್ತಾರೆ. ಈಗ ಭಯಕ್ಕೆ ದಿನವಿಡೀ ಕುರ್ಚಿಯಲ್ಲೇ ಕೂರಿಸಿದ್ದೇವೆ. ಸರಿನಾ?

ಉತ್ತರ (ಫಿಸಿಯೋಥೆರಪಿಸ್ಟ್, ಶಿವಮೊಗ್ಗ):
ಮೊದಲು ಅಮ್ಮನಿಗೆ ಹೇಳಿ, ಅವರು ಬೇಕಂತ ಮಾಡುತ್ತಿಲ್ಲ. ನಾವು ಹೊಸ್ತಿಲು ದಾಟುವಾಗ ಯೋಚನೆ ಮಾಡುವುದಿಲ್ಲ, ಕಾಲು ತಾನಾಗಿ ಏಳುತ್ತದೆ. ಈ ಕಾಯಿಲೆಯಲ್ಲಿ ಮಿದುಳಿನಲ್ಲಿ ಡೋಪಮೈನ್ ಅನ್ನುವ ರಾಸಾಯನಿಕ ಕಡಿಮೆಯಾಗಿ, ಆ ತಾನಾಗಿ ಆಗುವ ಕೆಲಸವೇ ಕೈಕೊಡುತ್ತದೆ. ಬಾಗಿಲು, ಇಕ್ಕಟ್ಟಾದ ಜಾಗ, ತಿರುಗುವುದು, ಅವಸರ, ಇಲ್ಲೆಲ್ಲ ಕಾಲು ಕಟ್ಟುತ್ತದೆ. ಮೆಟ್ಟಿಲಿನಲ್ಲಿ ಸಾಮಾನ್ಯವಾಗಿ ಹಾಗಾಗುವುದಿಲ್ಲ, ಯಾಕೆಂದರೆ ಕಾಲು ಎಲ್ಲಿಡಬೇಕು ಅಂತ ಒಂದೊಂದು ಮೆಟ್ಟಿಲೂ ಕಣ್ಣಿಗೆ ತೋರಿಸಿಕೊಡುತ್ತದೆ. ಇದನ್ನು ನಾಟಕ ಅಂದುಕೊಳ್ಳುವ ಮನೆಗಳನ್ನು ತುಂಬ ನೋಡಿದ್ದೇನೆ. ಆ ಮಾತು ಅವರಿಗೆ ಬಿದ್ದ ಪೆಟ್ಟಿಗಿಂತ ಜಾಸ್ತಿ ನೋಯಿಸುತ್ತದೆ.

ಎಳೆಯುವುದನ್ನು ಇವತ್ತೇ ನಿಲ್ಲಿಸಿ. ಎಳೆದರೆ ಮೈ ಮುಂದೆ ಹೋಗುತ್ತದೆ, ಪಾದ ಅಲ್ಲೇ ಉಳಿಯುತ್ತದೆ. ಕಾಲು ಕಟ್ಟಿದಾಗ ಅವರು ಪೂರ್ತಿ ನಿಲ್ಲಲಿ. ಒಂದು ಉಸಿರು ಬಿಟ್ಟು ನೆಟ್ಟಗಾಗಲಿ. ಮೈಭಾರವನ್ನು ನಿಧಾನಕ್ಕೆ ಎಡಕ್ಕೆ, ಬಲಕ್ಕೆ ವಾಲಿಸಲಿ. ಆಮೇಲೆ "ಒಂದು, ಎರಡು" ಅಂದು ಒಂದು ದೊಡ್ಡ ಹೆಜ್ಜೆ. ಅಮ್ಮ ಪಕ್ಕದಲ್ಲಿ ನಿಂತು ಎಣಿಸಿದರೆ ಸಾಕು.

ನಿಮ್ಮದು ಕೆಂಪು ಗಾರೆ ನೆಲವಾದರೆ ಇನ್ನೂ ಸುಲಭ. ಬಾಗಿಲಿನ ಎರಡೂ ಕಡೆ, ನಡೆಯುವ ದಾರಿಗೆ ಅಡ್ಡವಾಗಿ ನಾಲ್ಕೈದು ಬಿಳಿ ಗೆರೆ ಎಳೆಯಿರಿ. ಗೆರೆಯಿಂದ ಗೆರೆಗೆ ಅವರ ಒಂದು ಒಳ್ಳೆಯ ಹೆಜ್ಜೆ, ಸುಮಾರು ಒಂದೂವರೆ ಅಡಿ. ಬಣ್ಣದಲ್ಲೇ ಬರೆಯಿರಿ. ಟೇಪ್ ಅಂಟಿಸಿದರೆ ನಮ್ಮ ಮಳೆಗಾಲದ ತೇವಕ್ಕೆ ಅಂಚು ಎದ್ದು ಅದೇ ಎಡವಿಸುತ್ತದೆ. ನಾನು ನೋಡುವ ಒಬ್ಬ ಅಜ್ಜನ ಮನೆಯಲ್ಲಿ ಹೀಗೆ ಮಾಡಿದೆವು. ಬಾಗಿಲ ಮುಂದೆ ನಿಂತಾಗ ಅವರ ಹೆಬ್ಬೆರಳು ನೆಲ ಒತ್ತಿ ನಡುಗುತ್ತಿತ್ತು, ಹಿಮ್ಮಡಿ ಮಾತ್ರ ಏಳುತ್ತಿತ್ತು. ಮೊದಲ ಗೆರೆ ನೋಡಿ ಕಾಲೆತ್ತಿದರು, ಎರಡನೆಯದಕ್ಕೆ ಇನ್ನೊಂದು ಕಾಲು, ಒಳಗೆ ಬಂದೇಬಿಟ್ಟರು. ಅಜ್ಜಿ ಒಲೆ ಮುಂದೆ ಸೌಟು ಹಿಡಿದುಕೊಂಡು ಹಾಗೇ ನೋಡುತ್ತಾ ನಿಂತಿದ್ದರು.

ತಿರುಗುವಾಗ ನಿಂತಲ್ಲೇ ಗಿರಕ್ಕನೆ ತಿರುಗುವುದು ಬೇಡ. ತುಳಸಿಕಟ್ಟೆ ಸುತ್ತು ಬರುವ ಹಾಗೆ ಅಗಲವಾಗಿ ಬರಲಿ. ಕೈಯಲ್ಲಿ ಕಾಫಿ ಲೋಟ ಕೊಟ್ಟು ನಡೆಸಬೇಡಿ. ನಡೆಯುತ್ತಿರುವಾಗ ಹಿಂದಿನಿಂದ ಕರೆಯಬೇಡಿ. ಪಂಚೆ ಕಾಲಿಗೆ ಸಿಕ್ಕಿಕೊಳ್ಳುತ್ತದೆ, ಮನೆಯಲ್ಲಾದರೂ ಎಲಾಸ್ಟಿಕ್ ಪ್ಯಾಂಟ್ ಹಾಕಿಸಿ. ಹವಾಯಿ ಚಪ್ಪಲಿ ಬಿಡಿಸಿ, ಹಿಂದೆ ಪಟ್ಟಿ ಇರುವುದು ಕೊಡಿಸಿ.

ಬಚ್ಚಲಿನಲ್ಲಿ ಬಿದ್ದದ್ದಕ್ಕೆ ಕಾರಣ ಬೇರೆಯೇ ಇರಬಹುದು. ಹಂಡೆಯ ಬಿಸಿನೀರು ಸುರಿದುಕೊಂಡು ಎದ್ದಾಗ ರಕ್ತದೊತ್ತಡ ಇಳಿಯುತ್ತದೆ. ಈ ಕಾಯಿಲೆಯಲ್ಲಿ, ಮತ್ತು ಅದರ ಮಾತ್ರೆಗಳಿಂದಲೂ, ಅದು ಇನ್ನೂ ಇಳಿಯಬಹುದು. ಐದು ನಿಮಿಷ ಮಲಗಿಸಿ ಬಿಪಿ ನೋಡಿ, ಎದ್ದು ನಿಂತ ಒಂದನೇ ಮತ್ತು ಮೂರನೇ ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಸಂಖ್ಯೆ 20 ಅಥವಾ ಹೆಚ್ಚು ಇಳಿದರೆ ಡಾಕ್ಟರಿಗೆ ತಿಳಿಸಿ. ಸ್ನಾನಕ್ಕೆ ಮಣೆ ಬೇಡ, ಕುರ್ಚಿ ಇಡಿ. ನೀರು ಉಗುರು ಬೆಚ್ಚಗಿರಲಿ. ರಾತ್ರಿ ಮೂತ್ರಕ್ಕೆ ಹಾಸಿಗೆ ಪಕ್ಕದಲ್ಲೇ ಯೂರಿನ್ ಪಾಟ್, ಕರೆಂಟ್ ಹೋದರೂ ಉರಿಯುವ ಬ್ಯಾಟರಿ ದೀಪ ಇರಲಿ.

ಕುರ್ಚಿಯಲ್ಲೇ ಕೂರಿಸುವುದು ಸರಿಯಲ್ಲ. ಕೂತಷ್ಟೂ ಕಾಲಿನ ಬಲ ಹೋಗುತ್ತದೆ, ಆಮೇಲೆ ಬೀಳುವುದೂ ಜಾಸ್ತಿ. ಅಂಗಳದಲ್ಲಿ ಈಗ ಹಾವಸೆ ಕಟ್ಟಿರುತ್ತದೆ, ಜಗಲಿಯಲ್ಲೇ ನಡೆಸಿ.

ಒಂದು ನೋಟ್‌ಬುಕ್ ಇಡಿ. ಎಲ್ಲಿ ಬಿದ್ದರು, ಎಷ್ಟು ಗಂಟೆಗೆ, ಮಾತ್ರೆ ತೆಗೆದುಕೊಂಡು ಎಷ್ಟು ಹೊತ್ತಾಗಿತ್ತು ಅಂತ ಬರೆಯಿರಿ. ಮಾತ್ರೆಯ ಬಲ ಇಳಿದ ಹೊತ್ತಿನಲ್ಲೇ ಬೀಳುತ್ತಿದ್ದರೆ ಅದು ಡಾಕ್ಟರಿಗೆ ಗೊತ್ತಾಗಬೇಕು. ಡೋಸ್ ನೀವೇ ಬದಲಿಸಬೇಡಿ. ಮಾತ್ರೆಯನ್ನು ಸಾಧಾರಣವಾಗಿ ಊಟಕ್ಕೆ ಅರ್ಧ ಗಂಟೆ ಮೊದಲು ಕೊಡುವುದು ಒಳ್ಳೆಯದು, ಬೇಳೆ, ಹಾಲು, ಮೊಟ್ಟೆಯ ಪ್ರೋಟೀನ್ ಅದಕ್ಕೆ ಅಡ್ಡ ಬರುತ್ತದೆ.

ಸಾಗರದಿಂದ ಒಬ್ಬರು:
ನಮ್ಮ ಅತ್ತೆಗೆ ಪತ್ತೆಯಾಗಿ ಎಂಟೇ ತಿಂಗಳು. ಆಗಲೇ ಪದೇ ಪದೇ ಹಿಂದಕ್ಕೆ ಬೀಳುತ್ತಾರೆ. ತಲೆಸುತ್ತು ಅಂತ ಇಲ್ಲೇ ಮಾತ್ರೆ ತಂದು ಕೊಡುತ್ತಿದ್ದೇವೆ. ನಸುಗುನ್ನಿ ಬೀಜದ ಪುಡಿಯೂ ಒಳ್ಳೆಯದಂತೆ, ಹೌದಾ?

ಉತ್ತರ:
ಮೊದಲ ವರ್ಷದಲ್ಲೇ ಪದೇ ಪದೇ ಬೀಳುವುದು ಮಾಮೂಲಿ ಪಾರ್ಕಿನ್ಸನ್‌ನಲ್ಲಿ ಅಪರೂಪ, ಅದನ್ನು ಹೋಲುವ ಬೇರೆ ಕಾಯಿಲೆಯೂ ಇರಬಹುದು. ನರರೋಗ ತಜ್ಞರಿಗೆ ಬೇಗ ತೋರಿಸಿ. ಅತ್ತೆ ಕೆಳಗೆ ನೋಡಲು ಕಷ್ಟಪಡುತ್ತಾರಾ ಅಂತ ಗಮನಿಸಿ ತಜ್ಞರಿಗೆ ಹೇಳಿ.

ತಲೆಸುತ್ತಿನ ಮಾತ್ರೆಯ ಹೆಸರು ಓದಿ ನೋಡಿ. ಸಿನ್ನಾರಿಜಿನ್, ಪ್ರೋಕ್ಲೋರ್‌ಪೆರಜಿನ್, ವಾಂತಿಗೆ ಕೊಡುವ ಮೆಟೋಕ್ಲೋಪ್ರಮೈಡ್, ಇವು ಪಾರ್ಕಿನ್ಸನ್ ಲಕ್ಷಣಗಳನ್ನು ಹೆಚ್ಚು ಮಾಡುತ್ತವೆ. ಇವುಗಳಲ್ಲಿ ಯಾವುದಾದರೂ ಇದ್ದರೆ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ. ನಸುಗುನ್ನಿಯಲ್ಲಿ ನಿಜವಾಗಿಯೂ ಲೆವೊಡೋಪಾ (ಮಿದುಳಿನಲ್ಲಿ ಡೋಪಮೈನ್ ಆಗುವ ವಸ್ತು) ಇದೆ, ಸಿಂಡೋಪಾದಲ್ಲಿರುವುದೂ ಅದೇ. ಅದಕ್ಕೇ ಸುಮ್ನೆ ಪುಡಿ ಸೇರಿಸಬೇಡಿ, ಎಷ್ಟು ಒಳಗೆ ಹೋಯಿತು ಅನ್ನುವ ಲೆಕ್ಕವೇ ತಪ್ಪುತ್ತದೆ.

ಎಲ್ಲರಿಗೂ ಇನ್ನೊಂದು ಮಾತು. ಬಿದ್ದು ತಲೆಗೆ ಪೆಟ್ಟಾದರೆ, ಇಲ್ಲವೇ ಸೊಂಟ ನೋವಿಗೆ ಕಾಲೂರಲು ಆಗದಿದ್ದರೆ, ಎತ್ತಿ ನಿಲ್ಲಿಸಲು ಹೋಗಬೇಡಿ. 108ಕ್ಕೆ ಫೋನ್ ಮಾಡಿ.

ಮೊದಲು ಕೇಳಿದವರು:
ಮೇಡಂ, ಗೆರೆ ಎಳೆದೆವು. ನಿನ್ನೆ ಅಮ್ಮ ಎಣಿಸಿದರು, ಅಪ್ಪಯ್ಯ ನಿಲ್ಲದೆ ಒಳಗೆ ಬಂದರು. ಈಗ ತೋಟದಲ್ಲಿ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವುದನ್ನು ನೋಡಬೇಕು ಅಂತಿದ್ದಾರೆ. ಕರೆದುಕೊಂಡು ಹೋಗಬಹುದಾ?

ಉತ್ತರ:
ಓದಿ ತುಂಬ ಖುಷಿಯಾಯಿತು. ಕರೆದುಕೊಂಡು ಹೋಗಿ. ಮಳೆ ಹೊಳವಾದಾಗ, ಮಾತ್ರೆ ತೆಗೆದುಕೊಂಡು ಒಂದು ಗಂಟೆ ಆದ ಮೇಲೆ ಹೊರಡಿ. ಒಬ್ಬರು ಪಕ್ಕದಲ್ಲಿರಲಿ, ಇನ್ನೊಬ್ಬರು ಕುರ್ಚಿ ಹಿಡಿದುಕೊಳ್ಳಲಿ. ಹಳ್ಳದ ಮೇಲಿನ ಸಂಕ (ಕಾಲುಸೇತುವೆ) ಮಾತ್ರ ದಾಟಿಸಬೇಡಿ. ಈಚೆ ದಡದಲ್ಲಿ ಕೂತರೂ ಮರದ ತುದಿ ಕಾಣುತ್ತದಲ್ಲ, ಅಲ್ಲಿಂದಲೇ ನೋಡಲಿ.