ತೋಡುಗಳಲ್ಲಿ ನೀರುನಾಯಿ ಹಿಕ್ಕೆ ಹುಡುಕಲು ನಾಯಿ ತಯಾರಿ: ದಕ್ಷಿಣ ಕೊಡಗಿನ ತೋಟಗಳಲ್ಲಿ ಹೇಗೆ?

ಬಾರಪೊಳೆ_ದಂಡೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಶ್ರೀಮಂಗಲ, ಬಿರುನಾಣಿ ಕಡೆಯ ಕಾಫಿ ತೋಟಗಳ ನಡುವೆ ಹರಿಯುವ ತೋಡುಗಳಲ್ಲಿ ಸಣ್ಣ ಉಗುರಿನ ನೀರುನಾಯಿ ಎಲ್ಲೆಲ್ಲಿದೆ ಎಂದು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಸರ್ವೆ ಮಾಡಬೇಕಿದೆ. ಬರೀ ಕಣ್ಣಲ್ಲಿ ಹುಡುಕಿದರೆ ಬಂಡೆ ಮೇಲಿನ ಹಿಕ್ಕೆ ಮಾತ್ರ ಸಿಗುತ್ತದೆ. ಜರಿಗಿಡದ ಬುಡ, ಬೇರಿನ ಸಂದಿ, ಏಲಕ್ಕಿ ಹಿಂಡಿಲಿನ ಅಡಿಯಲ್ಲಿರುವುದು ತಪ್ಪಿಹೋಗುತ್ತದೆ. ಅದಕ್ಕೇ ನಾಯಿಯ ಸಹಾಯ ಬೇಕು.

ಎರಡು ವರ್ಷದ ಹೆಣ್ಣು ಲ್ಯಾಬ್ರಡಾರ್ ಇದೆ, ಚೆಂಡೆಂದರೆ ಪ್ರಾಣ. ಮುಧೋಳ ತಗೊಳ್ಳಿ ಎನ್ನುವವರಿದ್ದಾರೆ, ಊರಿನ ಬೇಟೆ ನಾಯಿಯ ಮೂಗೇ ಮೇಲು ಎನ್ನುವವರೂ ಇದ್ದಾರೆ. ಯಾವುದು ಸರಿ? ಎಷ್ಟು ತಿಂಗಳು ಹಿಡಿಯುತ್ತದೆ? ಕಲಿಸಲು ಹಿಕ್ಕೆ ಎಲ್ಲಿಂದ, ಎಷ್ಟು ಬೇಕು? ಆನೆ, ಜಿಗಣೆ, ಉಣ್ಣೆ ಇರುವ ಜಾಗದಲ್ಲಿ ನಾಯಿಯನ್ನು ಹೇಗೆ ಕಾಪಾಡುವುದು?

---

ತರಬೇತಿ_ಅಂಗಳ ಉತ್ತರ:

ಲ್ಯಾಬ್ರಡಾರೇ ಸಾಕು, ಬದಲಿಸಬೇಡಿ. ಮುಧೋಳ ಕಣ್ಣಿನಿಂದ ಬೇಟೆಯಾಡುವ ತಳಿ, ಓಡುವುದು ಕಂಡರೆ ಅದರ ಹಿಂದೆ ಹೋಗುವುದು ಅದರ ಹುಟ್ಟುಗುಣ. ಬೇಟೆ ನಾಯಿಯ ಮೂಗಿನ ಬಗ್ಗೆ ತಕರಾರಿಲ್ಲ, ಆದರೆ ಅದಕ್ಕೆ ಬೇಕಾದದ್ದು ಪ್ರಾಣಿ. ಈ ಕೆಲಸದ ನಾಯಿಗೆ ಪ್ರಾಣಿ ಬೇಡವಾಗಿರಬೇಕು, ಚೆಂಡೊಂದೇ ಬೇಕಾಗಿರಬೇಕು. ಹೀಗೆ ಪರೀಕ್ಷಿಸಿ: ಸೊಂಟದೆತ್ತರದ ಹುಲ್ಲಿಗೆ ಚೆಂಡು ಎಸೆಯಿರಿ. ಹತ್ತು ನಿಮಿಷ ಬಿಡದೆ ಹುಡುಕುತ್ತದೆಯೇ? ಮಧ್ಯೆ ಕೋಳಿ ಓಡಿದರೆ ಚೆಂಡನ್ನು ಮರೆಯುತ್ತದೆಯೇ? ಮರೆತರೆ ತೋಡಿನ ಕೆಲಸಕ್ಕೆ ಆಗುವುದಿಲ್ಲ, ಸಾಕುನಾಯಿಯಾಗಿಯೇ ಇರಲಿ.

ನಿಮ್ಮ ಪ್ರಶ್ನೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಹಿಕ್ಕೆಯದು. ಕೊಟ್ಟ ವಾಸನೆಯನ್ನು ನಾಯಿ ಪ್ರಾಮಾಣಿಕವಾಗಿ ಕಲಿಯುತ್ತದೆ. ನೀವು ಕೊಟ್ಟದ್ದು ಕೆಂಪು ಮುಂಗುಸಿಯ ಹಿಕ್ಕೆಯಾಗಿದ್ದರೆ ಅದು ಇಡೀ ಸೀಸನ್ ಮುಂಗುಸಿಯನ್ನೇ ಹುಡುಕಿಕೊಡುತ್ತದೆ, ಒಂದೂ ತಪ್ಪದೆ! ಆ ಮುಂಗುಸಿಯೂ ಏಡಿ ತಿನ್ನುತ್ತದೆ, ತೋಡಿನ ದಂಡೆಯಲ್ಲೇ ಓಡಾಡುತ್ತದೆ. ಹಾಗಾಗಿ ಸಿಕ್ಕ ಪ್ರತಿ ಹಿಕ್ಕೆಯನ್ನೂ ಎರಡು ಪಾಲು ಮಾಡಿ. ಒಂದು ಪಾಲು ಡಿಎನ್ಎ ಪರೀಕ್ಷೆಗೆ, ಇನ್ನೊಂದು ಫ್ರೀಜರ್‌ಗೆ. ಲ್ಯಾಬಿನಿಂದ ಉತ್ತರ ಬರುವವರೆಗೆ ಫ್ರೀಜರ್ ಪಾಲನ್ನು ನಾಯಿಗೆ ತೋರಿಸಲೇಬೇಡಿ.

ಬೇರೆ ಬೇರೆ ತೋಡುಗಳಿಂದ ಕನಿಷ್ಠ 15 ಹಿಕ್ಕೆ ಇರಲಿ. ಒಂದೇ ಗುಂಪಿನ ಹತ್ತು ಹಿಕ್ಕೆ ಕೊಟ್ಟರೆ ನಾಯಿ ಆ ಕುಟುಂಬವನ್ನು ಕಲಿಯುತ್ತದೆ, ಜಾತಿಯನ್ನಲ್ಲ. ಮೃಗಾಲಯದ ಹಿಕ್ಕೆಯನ್ನೇ ನಂಬಬೇಡಿ, ಅಲ್ಲಿನ ಆಹಾರ ಬೇರೆ, ವಾಸನೆಯೂ ಬೇರೆ. ಒಂದೊಂದನ್ನೂ ಪ್ರತ್ಯೇಕ ಗಾಜಿನ ಬಾಟಲಿಯಲ್ಲಿ ಮೈನಸ್ 20 ಡಿಗ್ರಿಯಲ್ಲಿಡಿ. ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ವಾಸನೆ ಒಂದರಿಂದ ಒಂದಕ್ಕೆ ದಾಟುತ್ತದೆ. ಪ್ರತಿ ಹಿಕ್ಕೆಗೂ ಹೊಸ ಗ್ಲೌಸ್. ಇಕ್ಕಳವನ್ನು ಕುದಿಯುವ ನೀರಿನಲ್ಲಿ ತೊಳೆಯಿರಿ.

ಕಲಿಸುವ ಕ್ರಮ: ಮೊದಲ ಎರಡು ಮೂರು ವಾರ ವಾಸನೆ ಮತ್ತು ಚೆಂಡಿನ ನಂಟು ಮಾತ್ರ. ಮುಚ್ಚಳದಲ್ಲಿ ತೂತಿರುವ ಡಬ್ಬಿಯಲ್ಲಿ 5ರಿಂದ 10 ಗ್ರಾಂ ಹಿಕ್ಕೆ ಇಟ್ಟು, ನಾಯಿ ಮೂಗು ತಾಗಿಸಿದ ಕ್ಷಣದಲ್ಲೇ, ಅದೇ ಜಾಗದಲ್ಲಿ ಚೆಂಡು ಬೀಳಬೇಕು. ಎರಡು ಸೆಕೆಂಡ್ ತಡವಾದರೆ ಅದು ನಿಮ್ಮ ಮುಖ ನೋಡಿದ್ದಕ್ಕೆ ಬಹುಮಾನ ಸಿಕ್ಕಿತೆಂದುಕೊಳ್ಳುತ್ತದೆ. ಒಂದು ಪಾಠ ಐದರಿಂದ ಹತ್ತು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ.

ಆಮೇಲೆ ಡಬ್ಬಿಗಳ ಸಾಲು. ಆರು ಡಬ್ಬಿ, ನಡುವೆ ಒಂದೊಂದು ಮೀಟರ್ ಅಂತರ: ಒಂದರಲ್ಲಿ ನೀರುನಾಯಿ ಹಿಕ್ಕೆ, ಒಂದರಲ್ಲಿ ಮುಂಗುಸಿ ಹಿಕ್ಕೆ, ಒಂದರಲ್ಲಿ ಏಡಿ ಚಿಪ್ಪು, ಒಂದರಲ್ಲಿ ಹೊಸ ಗ್ಲೌಸ್, ಒಂದರಲ್ಲಿ ಒಣ ಮೀನು, ಒಂದು ಖಾಲಿ. ಗ್ಲೌಸ್ ಡಬ್ಬಿಯನ್ನು ಬಿಡಲೇಬಾರದು. ಅದಿಲ್ಲದಿದ್ದರೆ ನಾಯಿ ಸುಲಭದ ದಾರಿ ಹಿಡಿದು ರಬ್ಬರ್ ವಾಸನೆಯನ್ನೇ ಗುರುತಿಟ್ಟುಕೊಳ್ಳುತ್ತದೆ. ಪ್ರತಿ ದಿನ ಒಂದೆರಡು ಸಾಲು ನೀರುನಾಯಿ ಹಿಕ್ಕೆಯೇ ಇಲ್ಲದವು ಇರಲಿ. 'ಇಲ್ಲ' ಎನ್ನಲು ಬಾರದ ನಾಯಿ ಸುಸ್ತಾದಾಗ ಏನೂ ಇಲ್ಲದ ಕಡೆಯೂ 'ಇದೆ' ಎಂದು ಸುಳ್ಳು ಕೂರುತ್ತದೆ.

ಹಿಕ್ಕೆ ಸಿಕ್ಕಿದ ಗುರುತಾಗಿ ಕೂರುವುದನ್ನೇ ಕಲಿಸಿ, ಕೆರೆಯುವುದು ಬೊಗಳುವುದು ಬೇಡ. ಲ್ಯಾಬ್ರಡಾರ್‌ಗೆ ಇನ್ನೊಂದು ಚಟವಿದೆ: ಸಿಕ್ಕಿದ್ದನ್ನು ತಿಂದುಬಿಡುತ್ತದೆ. ಡಬ್ಬಿಯ ಹಂತದಲ್ಲೇ ಮೂಗಿಗೂ ಹಿಕ್ಕೆಗೂ ಒಂದು ಗೇಣು ದೂರವಿರುವಂತೆ ಕೂರುವ ಅಭ್ಯಾಸ ಮಾಡಿಸಿ. ಬಯಲಿಗೆ ಬಂದ ಮೇಲೆ ತಿದ್ದುವುದು ಬಹಳ ಕಷ್ಟ.

ಅಂಗಳ, ಒಣ ಗದ್ದೆ, ತೋಟ, ಕೊನೆಗೆ ತೋಡು. ನಾಯಿಗೂ ಹಿಡಿಯುವವರಿಗೂ ಹೊಸತಾದರೆ ಒಟ್ಟು ಐದಾರು ತಿಂಗಳು. ಡಿಸೆಂಬರ್‌ಗೆ ಇಳಿಯಬೇಕಿದ್ದರೆ ಜೂನ್‌ನಲ್ಲಿ ಶುರುಮಾಡಿ, ಡಬ್ಬಿ ಕೆಲಸ ಮಳೆಗಾಲದಲ್ಲಿ ಜಗಲಿ ಮೇಲೆ ಮುಗಿಯುತ್ತದೆ.

ಕೊನೆಯ ಪರೀಕ್ಷೆ ಮಾತ್ರ ಬಹಳ ಕಟ್ಟುನಿಟ್ಟಾಗಿರಬೇಕು. ಹಿಕ್ಕೆ ಬಚ್ಚಿಟ್ಟವರು ಅಲ್ಲಿ ನಿಂತಿರಬಾರದು, ಹಗ್ಗ ಹಿಡಿದವರಿಗೆ ಅದು ಎಲ್ಲಿದೆ ಎಂದು ಗೊತ್ತಿರಬಾರದು. 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನವರು ಮಾದಕವಸ್ತು ಮತ್ತು ಸ್ಫೋಟಕ ಹುಡುಕುವ, ನಾಯಿ ಮತ್ತು ಅದನ್ನು ಹಿಡಿಯುವವರ 18 ಜೋಡಿಗಳನ್ನು ವಾಸನೆಯೇ ಇಲ್ಲದ ಕೋಣೆಗಳಲ್ಲಿ ಪರೀಕ್ಷಿಸಿದರು. 'ಇಲ್ಲಿದೆ' ಎಂದು ಹಿಡಿಯುವವರು ನಂಬಿದ್ದ ಕಡೆ ಸುಳ್ಳು ಗುರುತುಗಳು ರಾಶಿ ಬಿದ್ದವು. ನಾವು ನಡಿಗೆ ಒಂದು ಹೆಜ್ಜೆ ನಿಧಾನಿಸಿದರೂ ನಾಯಿಗೆ ಗೊತ್ತಾಗುತ್ತದೆ. ದೋಷ ಹೆಚ್ಚಾಗಿ ಹಗ್ಗದ ಈ ತುದಿಯಲ್ಲೇ ಇರುತ್ತದೆ.

---

ಪಶುವೈದ್ಯ_ಗೋಣಿಕೊಪ್ಪ ಉತ್ತರ:

ಆರೋಗ್ಯದ ಭಾಗ ನಾನು ಹೇಳುತ್ತೇನೆ.

ಲಸಿಕೆ ಮೊದಲು ಕಾಡಿಗಾಗಿ, ಆಮೇಲೆ ನಾಯಿಗಾಗಿ. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ನಾಯಿಗಳ ರೋಗವಾದ ಡಿಸ್ಟೆಂಪರ್‌ಗೆ ಸುಮಾರು ಮೂರನೇ ಒಂದು ಭಾಗ ಸಿಂಹಗಳು ಸತ್ತವು. 2018ರಲ್ಲಿ ಗಿರ್‌ನಲ್ಲೂ ಅದೇ ವೈರಸ್ ಸಿಂಹಗಳನ್ನು ಕೊಂದಿತು. ನಮ್ಮ ತೋಟಗಳ ಅಂಚಿನಲ್ಲಿ ಕೆನ್ನಾಯಿ, ಹುಲಿ ಎರಡೂ ಇವೆ. ಡಿಸ್ಟೆಂಪರ್, ಪಾರ್ವೊ, ರೇಬೀಸ್, ಲೆಪ್ಟೊ (ಇಲಿ ಜ್ವರ) ನಾಲ್ಕೂ ಮುಗಿಯದೆ ನಾಯಿ ತೋಡಿಗೆ ಇಳಿಯಕೂಡದು. ಲೆಪ್ಟೊ ಪ್ರತಿ ವರ್ಷ ಕೊಡಿಸಲೇಬೇಕು, ನಿಂತ ನೀರಿನಲ್ಲಿ ಹೆಚ್ಚು ಹೊತ್ತು ಕಳೆಯುವ ನಾಯಿ ಅದು. ನಾಯಿಯ ಮಲವನ್ನು ಅಲ್ಲೇ ಬಿಡದೆ ಕವರಿನಲ್ಲಿ ವಾಪಸ್ ತನ್ನಿ.

ಉಣ್ಣೆಗೆ ಬೆನ್ನ ಮೇಲೆ ಸುರಿಯುವ ಔಷಧಿ ಬೇಡ. ಫಿಪ್ರೊನಿಲ್, ಪರ್ಮೆಥ್ರಿನ್ ತೊಳೆದು ನೀರಿಗೆ ಸೇರಿದರೆ ನೀರಿನ ಹುಳು, ಏಡಿಗಳಿಗೆ ವಿಷ. ನೀರುನಾಯಿಯ ಊಟವನ್ನೇ ಹಾಳುಮಾಡಿ ನೀರುನಾಯಿ ಹುಡುಕಿದ ಹಾಗಾಗುತ್ತದೆ. ಫ್ಲೂರಲನರ್ ಮಾತ್ರೆ ಕೊಡಿಸಿ, 12 ವಾರ ಕೆಲಸ ಮಾಡುತ್ತದೆ. ಫಿಟ್ಸ್ ಇತಿಹಾಸವಿದ್ದರೆ ಮೊದಲೇ ವೈದ್ಯರಿಗೆ ಹೇಳಿ. ಮಾತ್ರೆ ಇದ್ದರೂ ಪ್ರತಿ ದಿನ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಕೈಯಾಡಿಸಿ ನೋಡಿ.

ತೋಡಿನ ನೀರು ಕುಡಿಸಬೇಡಿ, ಮನೆಯಿಂದಲೇ ಒಯ್ಯಿರಿ. ಕುಡಿಯುವಾಗ ಜಿಗಣೆ ಮೂಗಿನೊಳಗೆ ಸೇರುವುದುಂಟು. ಒಂದೇ ಹೊಳ್ಳೆಯಲ್ಲಿ ರಕ್ತ, ಬಿಡದ ಸೀನು ಕಂಡರೆ ಅದೇ ಇರಬಹುದು. ಉಪ್ಪು, ಸುಣ್ಣ ಹಾಕದೆ ಆಸ್ಪತ್ರೆಗೆ ತನ್ನಿ, ಆ ಮೂಗೇ ನಿಮ್ಮ ಉಪಕರಣ.

ಹೆಚ್ಚು ಜನಕ್ಕೆ ಗೊತ್ತಿಲ್ಲದ ವಿಷಯ ಇದು. ಭೇದಿಗೆ ಸಾಮಾನ್ಯವಾಗಿ ಬರೆಯುವ ಮೆಟ್ರೊನಿಡಜೋಲ್ ಕೊಟ್ಟಾಗ ಪರೀಕ್ಷೆಗೊಳಗಾದ ಸ್ಫೋಟಕ ಪತ್ತೆ ನಾಯಿಗಳಲ್ಲಿ ಅರ್ಧದಷ್ಟರ ಪತ್ತೆ ಶಕ್ತಿ ಕುಗ್ಗಿತ್ತು. ಉಣ್ಣೆ ಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್‌ನಲ್ಲಿ ಹಾಗಾಗಲಿಲ್ಲ. ಮೆಟ್ರೊನಿಡಜೋಲ್ ಕೊಟ್ಟರೆ ಕೋರ್ಸ್ ಮುಗಿದು ಹತ್ತು ದಿನ ಸರ್ವೆ ಬೇಡ.

ಬಿಸಿಲು: ಬಾಯಿ ತೆರೆದು ಏದುಸಿರು ಬಿಡುವ ನಾಯಿ ಸರಿಯಾಗಿ ಮೂಸುವುದಿಲ್ಲ. ನಾಲಗೆಯ ತುದಿ ಅಗಲವಾಗಿ ಸೌಟಿನಂತೆ ಜೋತರೆ ಅಲ್ಲೇ ನಿಲ್ಲಿಸಿ, ನೆರಳಿಗೆ ತಂದು ಮೈಪೂರ್ತಿ ನೀರು ಸುರಿಯಿರಿ. ಹಾವು ಕಚ್ಚಿದರೆ ನಡೆಸದೆ ಎತ್ತಿಕೊಂಡು ಬನ್ನಿ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳಿಗೆ. ತೋಡಿನ ಬಂಡೆ ಮೇಲೆ ಕೂರುವ ಗುಳಿಮಂಡಲಕ್ಕೆ ಅಲ್ಲ. ತೋಟದಲ್ಲಿ ಔಷಧಿ ಹೊಡೆದಿದ್ದರೆ ಆ ದಿನ ಹೋಗಬೇಡಿ, ಕಾಲು ನೆಕ್ಕುವ ಪ್ರಾಣಿ ಅದು.

---

ಸರ್ವೆ_ಸಾಲು ಉತ್ತರ:

ಮೇಲಿನವರು ಹೇಳಿದ್ದಕ್ಕೆ ಗಾಳಿಯ ಲೆಕ್ಕ ಸೇರಿಸುತ್ತೇನೆ. ಬೆಳಗಿನ ಜಾವ ತಂಪು ಗಾಳಿ ತೋಡಿನ ಜೊತೆಗೇ ಕೆಳಕ್ಕೆ ಇಳಿಯುತ್ತದೆ. ಆಗ ಕೆಳಗಿನಿಂದ ಮೇಲಕ್ಕೆ ನಡೆದರೆ ವಾಸನೆ ಎದುರಿಗೆ ಬರುತ್ತದೆ. ಬಿಸಿಲು ಇಳಿಜಾರಿಗೆ ಬಿದ್ದ ಮೇಲೆ ಗಾಳಿ ತಿರುಗಿ ಮೇಲೇರುತ್ತದೆ, ಅದೇ ದಾರಿಯಲ್ಲಿ ಅದೇ ನಾಯಿ ಎರಡು ಮಾರು ದೂರದ ಹಿಕ್ಕೆಯನ್ನೂ ದಾಟಿಹೋಗುತ್ತದೆ. ಟಾಲ್ಕಂ ಪೌಡರ್ ಡಬ್ಬಿ ಜೇಬಿನಲ್ಲಿರಲಿ, 50 ಮೀಟರ್‌ಗೊಮ್ಮೆ ಒಂದು ಚಿಟಿಕೆ ಹಾರಿಸಿ ನೋಡಿ. ಆರೂವರೆಯಿಂದ ಹತ್ತರೊಳಗೆ ಮುಗಿಸಿ, ಇಪ್ಪತ್ತು ನಿಮಿಷ ಕೆಲಸಕ್ಕೆ ಐದು ನಿಮಿಷ ವಿಶ್ರಾಂತಿ.

ನಾಯಿ ಕೂರುವ ಮೊದಲೇ ಅದರ ಮೈ ಹೇಳುತ್ತದೆ. ಬಾಯಿ ಮುಚ್ಚುತ್ತದೆ, ತಲೆ ಥಟ್ಟನೆ ಹಿಂದಕ್ಕೆ ಹೊರಳುತ್ತದೆ, ಬಾಲದ ಬೀಸು ಚಿಕ್ಕದಾಗಿ ಚುರುಕಾಗುತ್ತದೆ, ಮೂಸುವ ಸದ್ದು ಕೇಳಿಸುತ್ತದೆ. ಆಗ ಹಗ್ಗ ಸಡಿಲ ಬಿಟ್ಟು ನಿಂತುಬಿಡಿ. ಸಿಕ್ಕಿದ್ದನ್ನು ಕೂತು ನೋಡಿ: ಸಣ್ಣ ಉಗುರಿನ ನೀರುನಾಯಿಯದಾದರೆ ಬಹುಪಾಲು ಏಡಿ ಚಿಪ್ಪಿನ ಚೂರುಗಳೇ, ಒಣಗಿದರೆ ಬೆರಳು ತಾಗಿದರೂ ಉದುರುತ್ತದೆ. ಇನ್ನೊಂದು ಜಾತಿಯಾದ ದೊಡ್ಡ ನೀರುನಾಯಿಯದರಲ್ಲಿ ಮೀನಿನ ಮುಳ್ಳು, ಪೊರೆ ಹೆಚ್ಚು.

ನೀರುನಾಯಿ ಹಿಕ್ಕೆಯ ಡಿಎನ್ಎ ಬೇಗ ಕೆಡುತ್ತದೆ. ಆ ರಾತ್ರಿಯದೇ ಹಸಿ ಹಿಕ್ಕೆ, ಲೋಳೆ ಇದ್ದರೆ ಇನ್ನೂ ಒಳ್ಳೆಯದು. ಹಿಕ್ಕೆಯ ನಾಲ್ಕು ಪಟ್ಟು 95 ಶೇಕಡಾ ಎಥನಾಲ್ ಇರುವ ಟ್ಯೂಬಿಗೆ ತಕ್ಷಣ ಹಾಕಿ. ಟ್ಯೂಬಿನ ಮೇಲೆ ಪೆನ್ಸಿಲ್‌ನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಎಥನಾಲ್ ತಾಗಿದರೆ ಹೋಗುತ್ತದೆ.

ಜಿಪಿಎಸ್ ಎರಡು ಬೇಕು, ನಾಯಿಯ ಕೊರಳಿಗೊಂದು, ನಿಮಗೊಂದು. ಹುಡುಕಾಟದ ಉದ್ದವೆಂದರೆ ನಾಯಿ ನಡೆದದ್ದು. ತೋಡನ್ನು 500 ಮೀಟರ್ ತುಂಡುಗಳಾಗಿ ಮಾಡಿ, ಪ್ರತಿ ತುಂಡಿಗೂ ಕನಿಷ್ಠ ಮೂರು ಸಲ ಹೋಗಿ. ಒಂದು ಸಲ ಸಿಗಲಿಲ್ಲವೆಂದರೆ ಪ್ರಾಣಿ ಇಲ್ಲವೆಂದಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ರೋಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಿದ ತೋಟಗಳಲ್ಲಿ ದಂಡೆಯ ಹಿಕ್ಕೆ ಕೊಚ್ಚಿಹೋಗುತ್ತದೆ, ಪಂಪಿನಿಂದ ತೋಡೂ ಇಳಿಯುತ್ತದೆ. ಎರಡನ್ನೂ ತಾರೀಖು ಸಮೇತ ಬರೆದಿಡದಿದ್ದರೆ ಆ ಖಾಲಿ ತುಂಡುಗಳಿಗೆ ಅರ್ಥವೇ ಇರುವುದಿಲ್ಲ.

ಆನೆಯ ವಿಷಯದಲ್ಲಿ ರಿಯಾಯಿತಿಯೇ ಇಲ್ಲ. ಹಗ್ಗವಿಲ್ಲದ ನಾಯಿ ಆನೆಗೆ ಬೊಗಳಿ, ಹೆದರಿ ನಿಮ್ಮ ಬಳಿಗೇ ಓಡಿಬರುತ್ತದೆ, ಹಿಂದೆ ಆನೆ. ಹತ್ತು ಮೀಟರ್ ಹಗ್ಗ ಯಾವಾಗಲೂ ಇರಲಿ. ಹೊರಡುವ ಮೊದಲು ತೋಟದ ಕೆಲಸ ನೋಡಿಕೊಳ್ಳುವ ರೈಟರ್‌ಗೆ, ಅರಣ್ಯ ಇಲಾಖೆಯ ಆನೆ ಕಾವಲು ತಂಡಕ್ಕೆ ಫೋನ್ ಮಾಡಿ ರಾತ್ರಿ ಎಲ್ಲಿದ್ದವು ಎಂದು ಕೇಳಿ. ಬಿಸಿ ಲದ್ದಿ ಕಂಡರೆ ಅಲ್ಲಿಂದಲೇ ವಾಪಸ್. ಬೇಲಿ ಸಂದಿಯಲ್ಲಿ ಹಂದಿಗೆ ಇಟ್ಟ ಉರುಳು ಇರಬಹುದು, ತಂತಿ ಕತ್ತರಿಸುವ ಕಟ್ಟರ್ ಬ್ಯಾಗಿನಲ್ಲಿರಲಿ.

ಖಾಸಗಿ ತೋಟಕ್ಕೆ ಮಾಲೀಕರ ಒಪ್ಪಿಗೆ ಬರಹದಲ್ಲಿ ತಗೊಳ್ಳಿ. ಬ್ರಹ್ಮಗಿರಿ ಅಭಯಾರಣ್ಯದ ಗಡಿ ದಾಟುವುದಾದರೆ 1972ರ ಕಾಯ್ದೆಯಂತೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು, ಅರ್ಜಿಯಲ್ಲಿ ನಾಯಿಯ ಪ್ರಸ್ತಾಪ ಬೇರೆಯಾಗಿಯೇ ಇರಲಿ. ಬಿಲ ಸಿಕ್ಕ ಜಾಗಗಳ ಜಿಪಿಎಸ್ ಅಂಕಿಗಳನ್ನು ಯಾವ ಗುಂಪಿನಲ್ಲೂ ಹಾಕಬೇಡಿ. ಚರ್ಮಕ್ಕಾಗಿ ಕೊಲ್ಲುವವರು ಇನ್ನೂ ಇದ್ದಾರೆ.

---

ಬಾರಪೊಳೆ_ದಂಡೆ:

ತುಂಬಾ ಉಪಕಾರವಾಯಿತು. ಒಂದೇ ಒಂದು ಸಂಶಯ: ಯಾವ ಹಿಕ್ಕೆ ಯಾವ ನೀರುನಾಯಿಯದೆಂದು ನಾಯಿಯೇ ಬೇರ್ಪಡಿಸಬಲ್ಲದೇ? ಹಾಗಾದರೆ ಸಂಖ್ಯೆಯೂ ಸಿಗುತ್ತದಲ್ಲ?

---

ಸರ್ವೆ_ಸಾಲು:

ಹುಲಿಯಲ್ಲಿ ಮಾಡಿ ತೋರಿಸಿದ್ದಾರೆ. ರಷ್ಯಾದ ದೂರಪ್ರಾಚ್ಯದಲ್ಲಿ ಲಿಂಡಾ ಕರ್ಲಿ ಮತ್ತು ಗಲಿನಾ ಸಲ್ಕಿನಾ ಅಮುರ್ ಹುಲಿಗಳ ಹಿಕ್ಕೆಯನ್ನು ನಾಯಿಗಳಿಂದ ಹೋಲಿಸಿ ಒಂದೊಂದು ಹುಲಿಯನ್ನೂ ಗುರುತಿಸಿದ ಕೆಲಸ 2007ರಲ್ಲಿ ಪ್ರಕಟವಾಯಿತು. ಆದರೆ ಹುಲಿ ಒಂಟಿ, ಅದರ ಹಿಕ್ಕೆ ಒಬ್ಬರದೇ. ಸಣ್ಣ ಉಗುರಿನ ನೀರುನಾಯಿ ಕುಟುಂಬವಾಗಿ ಬದುಕುತ್ತದೆ, ಎಲ್ಲವೂ ಒಂದೇ ಜಾಗದಲ್ಲಿ ಹಿಕ್ಕೆ ಹಾಕಿ ಅದರ ಮೇಲೆ ತುಳಿದಾಡುತ್ತವೆ. ಆ ರಾಶಿಯಿಂದ ಒಬ್ಬೊಬ್ಬರನ್ನು ಬಿಡಿಸುವ ಆಸೆ ಈ ಸೀಸನ್ ಬೇಡ. ಯಾವ ತುಂಡಿನಲ್ಲಿ ಇವೆ, ಯಾವುದರಲ್ಲಿ ಇಲ್ಲ, ಇಷ್ಟನ್ನು ಗಟ್ಟಿಯಾಗಿ ಮಾಡಿ.

---

ತರಬೇತಿ_ಅಂಗಳ:

ಹಾಗೆಯೇ ಸರ್ವೆ ದಿನಗಳಲ್ಲಿ ಒಂದೂ ಸಿಗದೆ ನಾಯಿ ಬೇಸತ್ತರೆ, ಸಹಾಯಕರಿಂದ ಮೊದಲೇ ಖಚಿತಪಡಿಸಿದ ಒಂದು ಹಿಕ್ಕೆಯನ್ನು ಮುಂದಿನ ತಿರುವಿನಲ್ಲಿ ಇಡಿಸಿ, ನಾಯಿಗೆ ಸಿಕ್ಕ ಮೇಲೆ ಚೆಂಡು ಕೊಟ್ಟು ಆ ದಿನ ಮುಗಿಸಿ. ಅದನ್ನು ವಾಪಸ್ ಎತ್ತಿಕೊಂಡು ಬರುವುದನ್ನು ಮರೆಯಬೇಡಿ. ಬಿಟ್ಟುಬಂದರೆ ಮುಂದಿನ ಸಲ ಅದೇ ನಿಮ್ಮ ಲೆಕ್ಕಕ್ಕೆ ಸೇರಿಬಿಡುತ್ತದೆ.