ಅಪ್‌ಡೇಟ್: ಅಮ್ಮನ ಮಂಡಿನೋವು ಮತ್ತು ತೂಕ

ಅಮ್ಮನ ಮಂಡಿನೋವಿಗೆ ತೂಕ ಕಾರಣವಾ ಅಥವಾ ಸೋಮವಾರಪೇಟೆಯ ನಮ್ಮ ಇಳಿಜಾರು ತೋಟವಾ ಅಂತ ಮಳೆಗಾಲದಲ್ಲಿ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಮಡಿಕೇರಿಯಲ್ಲಿ ಮೂಳೆ ಡಾಕ್ಟರಿಗೆ ತೋರಿಸಿದೆವು. ಎಕ್ಸ್‌ರೇಯಲ್ಲಿ ಮಂಡಿಯ ಸಂದು ಕಿರಿದಾಗಿತ್ತು. ಸವೆತದ ಸಂಧಿವಾತ, ಅಂದರೆ ಮೂಳೆಗಳ ನಡುವಿನ ಮೆತ್ತನೆಯ ಪದರ ಸವೆಯುವ ಕಾಯಿಲೆ. ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಸುಮಾರು 4 ಕೆಜಿ ಭಾರ ಕಮ್ಮಿಯಂತೆ. 2005ರಲ್ಲಿ ಅಮೆರಿಕದಲ್ಲಿ ಅಳೆದು ನೋಡಿದ ಲೆಕ್ಕ ಇದು. ಅಂದರೆ 5 ಕೆಜಿ ಇಳಿಸಿದರೆ 20 ಕೆಜಿ, ಅಲ್ವಾ!

ನನಗೆ ಹೊಸದೆನಿಸಿದ್ದು ಬೇರೆ. ಭಾರವೊಂದೇ ಅಲ್ಲ, ಕೊಬ್ಬು ಉರಿಯೂತ ಹೆಚ್ಚಿಸುವ ರಾಸಾಯನಿಕಗಳನ್ನೂ ಬಿಡುತ್ತದೆ. ಅದಕ್ಕೇ ದಪ್ಪಗಿದ್ದವರಿಗೆ ಭಾರವೇ ಹೊರದ ಬೆರಳ ಗಂಟುಗಳಲ್ಲೂ ಈ ಕಾಯಿಲೆ ಜಾಸ್ತಿ.

ಊಟ ಪೂರ್ತಿ ಬದಲಿಸಲಿಲ್ಲ. ಕಡಂಬುಟ್ಟು (ಅಕ್ಕಿತರಿಯ ಕಡುಬು) ಬಿಡು ಅಂದರೆ ಅಮ್ಮ ಮನೆಯನ್ನೇ ಬಿಟ್ಟಾರು! ರಾತ್ರಿ ಒಂದು ಅಕ್ಕಿರೊಟ್ಟಿ ಕಮ್ಮಿ, ಪಲ್ಯ ಜಾಸ್ತಿ. ಬೆಲ್ಲದ ಕಾಫಿ ಬೆಳಿಗ್ಗೆ ಮಾತ್ರ. ಜೊತೆಗೆ ತೊಡೆಗೆ ವ್ಯಾಯಾಮ: ಕುರ್ಚಿಯಲ್ಲಿ ಕೂತು ಕಾಲು ನೇರ ಚಾಚಿ, ಸ್ವಲ್ಪ ಹೊತ್ತು ಹಿಡಿದು, ನಿಧಾನಕ್ಕೆ ಇಳಿಸುವುದು. ಟಿವಿ ನೋಡುತ್ತಲೇ ಮಾಡುತ್ತಾರೆ.

ತೂಕ ಇಳಿಯುತ್ತಿದೆ. ಸವೆದದ್ದು ಮತ್ತೆ ಬೆಳೆಯುವುದಿಲ್ಲ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಆದರೂ ಈಗ ಗೋಡೆ ಹಿಡಿಯದೆ ಮೆಟ್ಟಿಲು ಹತ್ತುತ್ತಾರೆ. ತೋಟದ ಇಳಿಜಾರಿನಲ್ಲಿ ಮಾತ್ರ ಇನ್ನೂ ಕೋಲು ಬೇಕು.